ಮೆಷಿನ್ ಜೊತೆ ಏಳುವ ಗೋಡೆ

ಷಣ್ಮುಖಪ್ಪನವರು ಎರಡು ಲಗ್ನಪತ್ರಿಕೆಗಳನ್ನು ಜ್ಞಾನೇಶನ ಮೇಜಿನ ಮೇಲೆ ಎಸೆದರು. ಒಂದು ಅವರ ಮಗಳ ಮದುವೆಯದ್ದು, ಜ್ಞಾನೇಶ ವಾರಗಟ್ಟಲೆ ಕೂತು ಬಿಡಿಸಿದ್ದು. ಸುತ್ತ ಅಡಿಕೆ ಹಿಂಗಾರದ ಅಂಚು, ನಡುವೆ ತಿಳಿ ಹಸಿರಿನಲ್ಲಿ ವಧೂವರರ ಹೆಸರು. ಇನ್ನೊಂದು ಪತ್ರಿಕೆ ನ್ಯೂ ಟೌನಿನಲ್ಲಿ ಅವರ ಹಿಂದಿನ ಬೀದಿಯ ಮದುವೆಯದ್ದು. ಅದರಲ್ಲಿ ಹೆಸರು ಬೇರೆ, ಮುಹೂರ್ತ ಬೇರೆ. ಅಂಚು ಮಾತ್ರ ಅದೇ ಹಿಂಗಾರ.

"ಏನಯ್ಯ ಇದು? ಭದ್ರಾವತೀಲಿ ಯಾರ ಮನೇಲೂ ಇರಬಾರದು, ಅಂಥದ್ದು ಮಾಡ್ಕೊಡ್ತೀನಿ ಅಂದೆ. ನಾನು ನನ್ನ ಮಗಳ ಪತ್ರಿಕೆ ಹಂಚೋಕೆ ಮುಂಚೆ ಇವರದ್ದೇ ನಮ್ಮನೆ ಬಾಗಿಲಿಗೆ ಬಂತಲ್ಲ!" ಎಂದರು ಷಣ್ಮುಖಪ್ಪ. ಕಾರ್ಖಾನೆಯಲ್ಲಿ ಮೆಷಿನ್ನಿನ ಸದ್ದಿನ ಮೇಲೆ ಕೂಗಿ ಕೂಗಿ ರೂಢಿಯಾದ ಗಂಟಲು ಅವರದು. ಜನ್ನಾಪುರದ ಬಸ್ ಸ್ಟಾಪಿನಲ್ಲಿ ನಿಂತವರೂ ತಿರುಗಿ ನೋಡಿದರು.

"ಇದು ಎಲ್ಲಿ ಮಾಡಿಸಿದ್ದಂತೆ?"

"ಎಲ್ಲಿ ಅಂತ ಬೇರೆ ಕೇಳ್ತೀಯ? ನಿನ್ನ ಪಕ್ಕದ ಬಾಗಿಲಲ್ಲಿ. ನಿನ್ನ ತಮ್ಮನ ಹತ್ರ. ನೀವು ಅಣ್ಣತಮ್ಮಂದಿರು ಹೊರಗಡೆ ಜಗಳ, ಒಳಗಡೆ ಒಂದೇ ಅಂಗಡಿ ಇಟ್ಕೊಂಡಿದ್ರೆ ಮೊದಲೇ ಹೇಳ್ಬೇಕಿತ್ತು."

ಜ್ಞಾನೇಶನಿಗೆ ಮೂಗಿನ ತುದಿಯಲ್ಲೇ ಕೋಪ. ಕಳ್ಳತನ ಆಗಿದ್ದಕ್ಕಿಂತ ಅವನನ್ನು ಹೆಚ್ಚು ಉರಿಸಿದ್ದು ಬೇರೆ. ತನ್ನ ಡಿಸೈನು ಬೇರೆಯವರ ಕೈಗೆ ಸಿಗಬಾರದು ಎಂದು ಹೋದ ತಿಂಗಳಷ್ಟೇ ಅವನು ತನ್ನ ಕಂಪ್ಯೂಟರಿಗೆ ಫೈರ್‌ವಾಲ್ ಹಾಕಿದ್ದ. ಇಂಟರ್ನೆಟ್ಟಿನಲ್ಲಿ ಓದಿ, ಒಂದೊಂದೇ ಕಮಾಂಡ್ ಟೈಪು ಮಾಡಿ, ಹೊರಗಿನ ಯಾವ ಮೆಷಿನ್ನೂ ತನ್ನ ಮೆಷಿನ್ನಿನ ಒಳಗೆ ಇಣುಕದ ಹಾಗೆ ಗೋಡೆ ಎಬ್ಬಿಸಿದ್ದ. ಹೆಂಡತಿ ರಶ್ಮಿಯ ಲ್ಯಾಪ್‌ಟಾಪಿನಿಂದ ಒಳಗೆ ಬರಲು ನೋಡಿ, ಬರಲಾಗಲಿಲ್ಲ ಎಂದು ಖಾತ್ರಿ ಮಾಡಿಕೊಂಡು, ಅವಳಿಗೆ ಮಸಾಲೆದೋಸೆ ಬೇರೆ ಕೊಡಿಸಿದ್ದ. ಅಷ್ಟೆಲ್ಲ ಆದ ಮೇಲೂ ಹಿಂಗಾರ ಪಕ್ಕದ ಅಂಗಡಿಗೆ ಹೋಗಿದೆ ಎಂದರೆ ಏನರ್ಥ?

ಷಣ್ಮುಖಪ್ಪನವರು ಎರಡೂ ಪತ್ರಿಕೆಗಳನ್ನು ಅಲ್ಲೇ ಬಿಟ್ಟು ಹೊರಟರು. ಹೋಗುವಾಗ ಪಕ್ಕದ ಅಂಗಡಿಯ ಕಡೆಗೂ ಒಂದು ಕೆಟ್ಟ ನೋಟ ಬೀರಿದರು. ಅಲ್ಲಿ ಕೂತಿದ್ದ ತಮ್ಮ ಮಲ್ಲಿಕ್ ಎದ್ದು ನಿಂತು ಅವರಿಗೆ ನಮಸ್ಕಾರ ಮಾಡಿದ. ಅದನ್ನು ಕಂಡು ಜ್ಞಾನೇಶ ಎರಡೂ ಪತ್ರಿಕೆಗಳನ್ನು ಮೇಜಿನ ಡ್ರಾಯರಿಗೆ ತುರುಕಿದ.

ಈ ಅಣ್ಣತಮ್ಮಂದಿರ ಕಥೆ ಜನ್ನಾಪುರಕ್ಕೆ ಹೊಸದಲ್ಲ. ಅಪ್ಪ ಮುರುಗೇಶಪ್ಪ ಇರುವವರೆಗೆ ಒಂದೇ ಪ್ರೆಸ್ಸು, ಒಂದೇ ಒಲೆ. ಅವರು ಹೋದ ಮೇಲೆ ಹೊಸ ಬೋರ್ಡು ಬರೆಸುವಾಗ ಯಾರ ಹೆಸರು ಮೊದಲು ಬರಬೇಕು ಎಂಬಲ್ಲಿಂದ ಶುರುವಾಗಿ, ಮಾತಿಗೆ ಮಾತು ಬೆಳೆದು, ಬೋರ್ಡು ಬರೆಯುವವನು ಡಬ್ಬಿ ಬ್ರಷ್ಷು ಎತ್ತಿಕೊಂಡು ಓಡಿಹೋಗುವಷ್ಟಾಯಿತು. ಆಮೇಲೆ ಪಾಲು. ದೊಡ್ಡಪ್ಪ ಹಿರಿಯಣ್ಣನವರು ಬಂದು ಅಂಗಡಿಯ ನಡುವೆ ಗೋಡೆ ಹಾಕಿಸಿದರು. ಕಟಿಂಗ್ ಮೆಷಿನ್ನು ಒಬ್ಬನಿಗೆ, ಪ್ರಿಂಟರು ಒಬ್ಬನಿಗೆ, ಕಂಪ್ಯೂಟರು ಒಂದೊಂದು. ಫ್ಯಾನು ಮೂರಿದ್ದವು, ಮೂರನೆಯದನ್ನು ಯಾರಿಗೆ ಕೊಟ್ಟರೂ ಇನ್ನೊಬ್ಬ ಬಿಡುವುದಿಲ್ಲ ಎಂದು ದೇವಸ್ಥಾನಕ್ಕೆ ಕೊಟ್ಟರು. ಹಿಂದಿನ ಕಾಲದ ಪಾಲಿನಲ್ಲಿ ಬಾವಿಯನ್ನು ಇಬ್ಬರಿಗೂ ಸೇರಿ ಬಿಡುತ್ತಿದ್ದರು. ಇಲ್ಲಿ ಬಾವಿ ಇರಲಿಲ್ಲ, ಇಂಟರ್ನೆಟ್ಟಿನ ಡಬ್ಬಿ ಇತ್ತು. ಹಿರಿಯಣ್ಣನವರು ಅದನ್ನು ಬಾವಿಯ ಲೆಕ್ಕಕ್ಕೇ ಸೇರಿಸಿ, "ಇದು ಇಬ್ಬರಿಗೂ ಇರಲಿ, ತಲಾ ಅರ್ಧ ಬಿಲ್ಲು ಕಟ್ಟಿ" ಎಂದುಬಿಟ್ಟರು.

ಎದ್ದು ಹೋಗುವ ಮುನ್ನ ಒಂದು ಕಟ್ಟುಪಾಡೂ ಹಾಕಿದರು. ಇನ್ನು ಮೇಲೆ ಒಬ್ಬನ ವಸ್ತುವಿಗೆ ಇನ್ನೊಬ್ಬ ಕೈ ಹಾಕಿದ್ದು ಸಾಬೀತಾದರೆ, ಕೈ ಹಾಕಿದವನು ಅಂಗಡಿ ಖಾಲಿ ಮಾಡಬೇಕು. ಇಬ್ಬರೂ ಒಪ್ಪಿದರು. ಇಬ್ಬರ ಮನಸ್ಸಿನಲ್ಲೂ ಖಾಲಿ ಮಾಡುವವನು ಇನ್ನೊಬ್ಬನೇ ಆಗಿದ್ದ.

ಅವ್ವ ವೀರಮ್ಮನದೂ ಒಂದು ಷರತ್ತಿತ್ತು. "ಎರಡೂ ಅಂಗಡಿ ಬಾಗಿಲು ಬೆಳಿಗ್ಗೆ ನಾನೇ ತೆಗಿಯೋದು. ಅದರಲ್ಲಿ ಪಾಲಿಲ್ಲ" ಎಂದಿದ್ದಳು. ಆ ಮನೆಯಲ್ಲಿ ಮುಂಚಿನಿಂದಲೂ ಹಾಗೆ: ಹಿರಿಯರು ಬಾಗಿಲು ತೆಗೆದು, ನೀರು ಚಿಮುಕಿಸಿ, ಮೆಷಿನ್ನುಗಳಿಗೆ ವಿಭೂತಿ ಹಚ್ಚಿ, ಸ್ವಿಚ್ಚು ಒತ್ತಿ ಓಡಿಸಿಟ್ಟ ಮೇಲೇ ಉಳಿದವರು ಅಂಗಡಿಗೆ ಬರುವುದು. ಬೋಣಿಯಾಗುವ ಹೊತ್ತಿಗೆ ಮೆಷಿನ್ನು ತಣ್ಣಗಿರಬಾರದು. ಗಂಡುಮಕ್ಕಳಿಬ್ಬರೂ ಸ್ನಾನ, ಲಿಂಗಪೂಜೆ, ತಿಂಡಿ ಮುಗಿಸಿ ಬರುವಷ್ಟರಲ್ಲಿ ವೀರಮ್ಮ ಎರಡೂ ಕಡೆಯ ಕಂಪ್ಯೂಟರುಗಳನ್ನು ಎಬ್ಬಿಸಿಟ್ಟಿರುತ್ತಿದ್ದಳು. ಸಂಜೆಯೂ ಅವಳದೇ ಕೈ. ಎರಡೂ ಅಂಗಡಿಗೆ ಮೇನ್ ಸ್ವಿಚ್ಚು ಒಂದೇ. ಶಟರ್ ಎಳೆಯುವ ಮೊದಲು ಅದನ್ನು ಆರಿಸಿ, ಕೈಮುಗಿದು ಒಳಗೆ ಹೋಗುತ್ತಿದ್ದಳು.

ಪಾಲಾದ ಮೇಲೆ ಅಣ್ಣತಮ್ಮಂದಿರದು ಎಣ್ಣೆ ಸೀಗೇಕಾಯಿ ಸಂಬಂಧ. ರಶ್ಮಿಗೂ ಮಲ್ಲಿಕನ ಹೆಂಡತಿ ಶಾಂಭವಿಗೂ ಮಾತು ನಿಂತುಹೋಗಿತ್ತು. ಜ್ಞಾನೇಶನಿಗೆ ಪತ್ರಿಕೆಯ ವಿನ್ಯಾಸವೇ ಬಂಡವಾಳ. ಮಲ್ಲಿಕ್ ಸಲೀಸಾಗಿ ಮಾತಾಡುತ್ತಾನೆ, ಗಿರಾಕಿಯನ್ನು ಕೂರಿಸಿ ಟೀ ತರಿಸುತ್ತಾನೆ, ಮನೆಮಂದಿಯ ಯೋಗಕ್ಷೇಮ ಕೇಳುತ್ತಾನೆ. ಜ್ಞಾನೇಶನಿಗೆ ಅದು ಯಾವುದೂ ಬಾರದು. ಅವನು ಬಿಡಿಸುವ ಗೆರೆಗೋಸ್ಕರ ಜನ ಅವನ ಗಂಟುಮೋರೆಯನ್ನು ಸಹಿಸಿಕೊಂಡಿದ್ದರು. ಅದೇ ಗೆರೆ ಪಕ್ಕದಲ್ಲಿ ನಗುಮುಖದ ಜೊತೆ ಸಿಗುವುದಾದರೆ ಅವನ ಅಂಗಡಿಯ ಮೆಟ್ಟಿಲು ಹತ್ತುವವರು ಯಾರು? ಹೊಟ್ಟೆಪಾಡಿನ ಪ್ರಶ್ನೆ ಅದು. ಜ್ಞಾನೇಶ ಅವತ್ತು ತೀರ್ಮಾನ ಮಾಡಿದ: ಸಾಕ್ಷಿ ಹಿಡಿಯಬೇಕು, ದೊಡ್ಡಪ್ಪನ ಮುಂದಿಡಬೇಕು, ಮಲ್ಲಿಕನನ್ನು ಅಂಗಡಿಯಿಂದ ಎಬ್ಬಿಸಬೇಕು.

ಮಾರನೆಯ ದಿನ ಕಂಪ್ಯೂಟರಿನ ಪೆಟ್ಟಿಗೆಯನ್ನು ಬೆಡ್‌ಶೀಟಿನಲ್ಲಿ ಸುತ್ತಿ, ತೊಡೆಯ ಮೇಲಿಟ್ಟುಕೊಂಡು ಶಿವಮೊಗ್ಗದ ಬಸ್ಸು ಹತ್ತಿದ. ರವೀಂದ್ರನಗರದಲ್ಲಿ ಅವನ ಕಾಲೇಜು ಗೆಳೆಯ ಗುರು ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟಿದ್ದ. ಗುರು ಎಲ್ಲವನ್ನೂ ಕೇಳಿದ. ಪೆಟ್ಟಿಗೆಗೆ ವೈರು ಸಿಕ್ಕಿಸಿ ಸ್ಟಾರ್ಟ್ ಮಾಡಿದ. ಒಂದು ಕಮಾಂಡ್ ಒತ್ತಿ, ಪರದೆಯನ್ನು ಜ್ಞಾನೇಶನ ಕಡೆ ತಿರುಗಿಸಿದ.

"ಎಲ್ಲಿದೆ ಮಾರಾಯ ನಿನ್ನ ಫೈರ್‌ವಾಲು?"

ಜ್ಞಾನೇಶ ಬಗ್ಗಿ ನೋಡಿದ. ಫೈರ್‌ವಾಲ್ ಓಡುತ್ತಿಲ್ಲ ಎಂದು ಪರದೆ ಹೇಳುತ್ತಿತ್ತು.

"ನಾನು ಹಾಕಿದ್ದೆ ಕಣೋ! ನನ್ನ ಕೈಯಾರೆ ಹಾಕಿದ್ದೆ. ಪರೀಕ್ಷೇನೂ ಮಾಡಿದ್ದೆ."

"ಹಾಕಿದ್ದೆ ಸರಿ. ಅವತ್ತು ಮೆಷಿನ್ ಆನ್ ಇರೋವರೆಗೂ ಅದೂ ಇತ್ತು. ಆಫ್ ಮಾಡಿದ ತಕ್ಷಣ ಹೋಯ್ತು. ನೀನು ಹಾಕ್ಕೊಂಡಿರೋ ಲಿನಕ್ಸಲ್ಲಿ ಈಗ ಓಡಿಸೋದು ಬೇರೆ, ಪ್ರತಿಸಲ ಸ್ಟಾರ್ಟ್ ಆದಾಗ ತಾನೇ ಓಡ್ಲಿ ಅಂತ ಹೇಳಿಡೋದು ಬೇರೆ. ನೀನು ಮೊದಲನೇದು ಮಾಡಿದೀಯ, ಎರಡನೇದು ಬಿಟ್ಟಿದೀಯ. ಮೆಷಿನ್ ದಿನಾ ಆರಿಸ್ತೀರಾ?"

"ಅವ್ವ ಸಂಜೆ ಮೇನ್ ಆಫ್ ಮಾಡ್ತಾಳೆ."

ಗುರು ನಕ್ಕ. "ಹಂಗಾದ್ರೆ ನೀನು ಕಟ್ಟಿದ ಗೋಡೇನ ಅವತ್ತು ಸಂಜೇನೇ ನಿಮ್ಮವ್ವ ಕೆಡವಿದ್ದಾರೆ. ಅವತ್ತಿಂದ ನಿನ್ನ ಮನೆ ಹಾಳು ಬಿದ್ದಿದೆ, ನೀನು ಮಾತ್ರ ಕಾವಲಿದೆ ಅಂತ ನಿದ್ದೆ ಹೊಡಿತಿದೀಯ."

ಗುರು ತಮಾಷೆಗೆ ಹೇಳಿದ ಮಾತು. ಆದರೆ ತಮಾಷೆಯನ್ನು ತಮಾಷೆಯಾಗಿ ತೆಗೆದುಕೊಳ್ಳುವ ಗುಣ ಜ್ಞಾನೇಶನಿಗೆ ದೇವರು ಕೊಟ್ಟಿರಲಿಲ್ಲ. ಅವ್ವ ಕೆಡವುತ್ತಾಳೆ ಎಂಬುದೊಂದು ಅವನ ತಲೆಯಲ್ಲಿ ಕೂತುಬಿಟ್ಟಿತು. ಬೆಳಿಗ್ಗೆ ತಾನು ಪೂಜೆಗೆ ಕೂತಿರುವಾಗ ಅಂಗಡಿಯಲ್ಲಿ ಇರುವವಳು ಅವಳೊಬ್ಬಳೇ. ಮಲ್ಲಿಕ್ ಅವಳ ಮುದ್ದಿನ ಕಿರಿಮಗ. ಹೀಗೆ ಒಂದಕ್ಕೊಂದು ಸೇರಿಸಿಕೊಂಡು ಕೂತ ಅವನನ್ನು ಗುರು ಎರಡು ಸಲ ಕರೆದರೂ ಕೇಳಿಸಲಿಲ್ಲ.

ಗುರು ಕೆಲಸ ಮುಗಿಸಿದ. ಫೈರ್‌ವಾಲನ್ನು ಹೊಸದಾಗಿ ಹಾಕಿ, ಮೆಷಿನ್ ಎದ್ದ ಕ್ಷಣವೇ ಅದೂ ಏಳುವ ಹಾಗೆ ಮಾಡಿದ. ಆರಿಸಿ, ಮತ್ತೆ ಹಚ್ಚಿ ತೋರಿಸಿದ. "ಇನ್ನು ಅವ್ವ ಎಷ್ಟು ಸಲ ಮೇನ್ ಆರಿಸಿದ್ರೂ ಏನಾಗಲ್ಲ. ಯಾವ ಮೆಷಿನ್ ಬಂದು ಬಾಗಿಲು ತಟ್ಟಿತು ಅಂತಾನೂ ಇದು ಬರೆದಿಟ್ಕೊಳ್ಳುತ್ತೆ. ಆದ್ರೆ ಒಂದು ಮಾತು ಕೇಳು. ಯಾರಾದ್ರೂ ತಟ್ಟಿದ್ರೆ ಮೊದಲು ನಂಗೆ ಫೋನ್ ಮಾಡು. ದುಡುಕಬೇಡ."

ದುಡುಕಬೇಡ ಎಂದು ಜ್ಞಾನೇಶನಿಗೆ ಹೇಳುವುದೂ ಒಂದೇ, ಭದ್ರಾ ನದಿಗೆ ನಿಲ್ಲು ಎನ್ನುವುದೂ ಒಂದೇ.

ಮರುದಿನ ಪೂಜೆ ಮುಗಿಸಿ, ತಿಂಡಿಯನ್ನೂ ಬಿಟ್ಟು ಅಂಗಡಿಗೆ ಬಂದ. ವೀರಮ್ಮ ಬಾಗಿಲು ತೆಗೆದು, ಎರಡೂ ಕಂಪ್ಯೂಟರು ಹಚ್ಚಿ, ಮೆಟ್ಟಿಲ ಮೇಲೆ ಹೂ ಕಟ್ಟುತ್ತ ಕೂತಿದ್ದಳು. ಜ್ಞಾನೇಶ ಫೈರ್‌ವಾಲಿನ ದಾಖಲೆ ತೆರೆದ. ಇತ್ತು! ಮೆಷಿನ್ ಎದ್ದ ಬೆನ್ನಿಗೇ ಮಲ್ಲಿಕನ ಮೆಷಿನ್ ಬಂದು ಬಾಗಿಲು ತಟ್ಟಿತ್ತು. ಒಂದು ಸಲವಲ್ಲ, ಮತ್ತೆ ಮತ್ತೆ ತಟ್ಟಿತ್ತು. ಒಳಗೆ ಬಿಡದಿದ್ದಕ್ಕೆ ಕೊನೆಗೆ ಸುಮ್ಮನಾಗಿತ್ತು. ಜ್ಞಾನೇಶನಿಗೆ ಎಷ್ಟು ಖುಷಿಯಾಯಿತೆಂದರೆ, ಕಳ್ಳ ಸಿಕ್ಕಿದ್ದಕ್ಕೆ ಖುಷಿಯೋ ತಮ್ಮನೇ ಕಳ್ಳನಾಗಿ ಸಿಕ್ಕಿದ್ದಕ್ಕೆ ಖುಷಿಯೋ ಎಂದು ಅವನಿಗೇ ತಿಳಿಯಲಿಲ್ಲ. ಗುರುವಿಗೆ ಫೋನು ಮಾಡಲಿಲ್ಲ. ನೇರ ಅವ್ವನ ಮುಂದೆ ಹೋಗಿ ನಿಂತ.

"ಬೆಳಿಗ್ಗೆ ಅವನ ಮೆಷಿನ್ ಮುಂದೆ ಯಾರಿದ್ರು?"

"ಯಾರಿರ್ತಾರೆ? ಅವನಿನ್ನೂ ಪೂಜೇಲಿ ಕೂತಿದಾನೆ."

"ಹಂಗಾದ್ರೆ ನೀನೇ ಇದ್ದೆ."

"ನಾನೇ ಇದ್ದೆ. ದಿನಾ ನಾನೇ ಇರ್ತೀನಲ್ಲ."

"ಅದನ್ನೇ ನಾನೂ ಹೇಳ್ತಿರೋದು. ಅವನು ಹೇಳ್ಕೊಟ್ಟ ಹಂಗೆ ಯಾವ ಬಟನ್ ಒತ್ತಿಟ್ಟು ಬರ್ತೀಯ ಹೇಳು. ನನ್ನ ಅಂಗಡಿ ಬಾಗಿಲನ್ನ ನೀನೇ ತೆಗೆದು ಅವನಿಗೆ ಕೊಡ್ತಾ ಇದೀಯ ಅನ್ನೋದು ನಂಗೆ ಗೊತ್ತಾಗಿದೆ."

ವೀರಮ್ಮ ಹೂವಿನ ದಾರ ಕೆಳಗಿಟ್ಟಳು. ಅವಳಿಗೆ ಕಂಪ್ಯೂಟರಿನಲ್ಲಿ ಗೊತ್ತಿದ್ದದ್ದು ಒಂದು ಸ್ವಿಚ್ಚು, ಅದನ್ನು ಒತ್ತಿದರೆ ದೀಪ ಹತ್ತುತ್ತದೆ ಎಂಬುದು, ಅಷ್ಟೇ. ಮಗನ ಮಾತು ಅವಳಿಗೆ ಪೂರ್ತಿ ಅರ್ಥವಾಗಲಿಲ್ಲ. ಮಗ ತನ್ನನ್ನು ಕಳ್ಳಿ ಎನ್ನುತ್ತಿದ್ದಾನೆ ಎಂಬುದು ಮಾತ್ರ ಚೆನ್ನಾಗಿ ಅರ್ಥವಾಯಿತು. "ನಿಮ್ಮಪ್ಪ ಹೋಗಿ ಬದುಕಿಕೊಂಡರು" ಎಂದು ಎದ್ದು ಒಳಗೆ ಹೋದಳು.

ಜ್ಞಾನೇಶನಿಗೆ ಅದೂ ತಪ್ಪೊಪ್ಪಿಗೆಯ ಹಾಗೇ ಕೇಳಿಸಿತು. ಆ ಗಳಿಗೆಯಲ್ಲೇ ದೊಡ್ಡಪ್ಪನಿಗೆ ಫೋನು ಮಾಡಿದ.

ಭಾನುವಾರ ಹಿರಿಯಣ್ಣನವರು ಬಂದರು. ಕಟ್ಟುಪಾಡಿನ ವಿಚಾರವಾದ್ದರಿಂದ ಇಸ್ತ್ರಿ ಮಾಡಿದ ಪಂಚೆ ಉಟ್ಟು, ಹೆಗಲಿಗೆ ಶಲ್ಯ ಹಾಕಿಕೊಂಡೇ ಬಂದಿದ್ದರು. ಜ್ಞಾನೇಶ ಸಾಕ್ಷಿಗೆಂದು ಗುರುವನ್ನೂ ಕರೆಸಿದ್ದ. ಅಂಗಡಿಯ ಹಿಂದಿನ ಹಜಾರದಲ್ಲಿ ಎಲ್ಲರೂ ಕೂತರು. ವೀರಮ್ಮ ಗೋಡೆಗೆ ಒರಗಿ, ಯಾರನ್ನೂ ನೋಡದೆ ಕೂತಿದ್ದಳು. ರಶ್ಮಿ ಒಂದು ಬಾಗಿಲಲ್ಲಿ, ಶಾಂಭವಿ ಇನ್ನೊಂದು ಬಾಗಿಲಲ್ಲಿ ನಿಂತಿದ್ದರು.

ಜ್ಞಾನೇಶ ಎರಡು ಪತ್ರಿಕೆಗಳನ್ನು ದೊಡ್ಡಪ್ಪನ ಮುಂದಿಟ್ಟ. ಫೈರ್‌ವಾಲಿನ ದಾಖಲೆಯನ್ನು ಪ್ರಿಂಟು ತೆಗೆದು, ಮಲ್ಲಿಕನ ಮೆಷಿನ್ ಬಂದ ಕಡೆಯೆಲ್ಲ ಕೆಂಪು ಗೆರೆ ಎಳೆದು ತಂದಿದ್ದ. "ನೋಡಿ ದೊಡ್ಡಪ್ಪ. ದಿನಾ ಬೆಳಿಗ್ಗೆ ಬರ್ತಾನೆ. ಮೊದಲು ಗೋಡೆ ಇರಲಿಲ್ಲ, ಎತ್ಕೊಂಡು ಹೋಗ್ತಿದ್ದ. ಈಗ ಗೋಡೆ ಎದ್ದಿದೆ, ತಲೆ ಚಚ್ಚಿಕೊಳ್ತಿದಾನೆ. ನೀವು ಹಾಕಿದ ಕಟ್ಟುಪಾಡು ನಿಮಗೇ ನೆನಪಿದ್ಯಲ್ಲ. ಇವನು ಅಂಗಡಿ ಬಿಡಬೇಕು."

ಹಿರಿಯಣ್ಣನವರು ಕಾಗದವನ್ನು ಹತ್ತಿರ ಹಿಡಿದು ನೋಡಿದರು, ದೂರ ಹಿಡಿದು ನೋಡಿದರು. ಏನೂ ತಿಳಿಯದೆ ಮಲ್ಲಿಕನ ಕಡೆ ತಿರುಗಿದರು. "ಏನಪ್ಪ, ಇವನ ಡಿಸೈನು ನಿನ್ನ ಹತ್ರ ಬಂದಿದ್ದು ಹೌದೋ ಅಲ್ಲವೋ?"

"ಹೌದು ದೊಡ್ಡಪ್ಪ" ಎಂದ ಮಲ್ಲಿಕ್. "ದಿನಾ ಬರ್ತಿತ್ತು. ಮೊನ್ನೆಯಿಂದ ನಿಂತುಹೋಗಿದೆ."

"ಕೇಳಿದ್ರಾ! ಬಾಯಿಬಿಟ್ಟು ಹೇಳ್ತಿದಾನೆ, ನಾಚಿಕೆ ಬೇರೆ ಇಲ್ಲ" ಎಂದು ಜ್ಞಾನೇಶ ಕೂತಲ್ಲಿಂದ ಎದ್ದ.

ಮಲ್ಲಿಕ್ ಅಣ್ಣನ ಮುಖವನ್ನೇ ನೋಡಿದ. ಅವನ ಮುಖದಲ್ಲಿ ಹೆದರಿಕೆ ಇರಲಿಲ್ಲ, ಗಲಿಬಿಲಿ ಇತ್ತು. "ನಾನು ಎಲ್ಲಿ ಎತ್ಕೊಂಡೆ ಅಣ್ಣ? ನೀನೇ ಕಳಿಸ್ತಿದ್ದೆಯಲ್ಲ."

"ನಾನು? ನಿನಗೆ?"

ಗುರು ಗಡ್ಡ ಕೆರೆಯುತ್ತ ಕೂತಿದ್ದವನು, "ಒಂದು ನಿಮಿಷ. ಮಲ್ಲಿಕ್, ನಿನ್ನ ಮೆಷಿನ್ ನೋಡಬಹುದಾ?" ಎಂದ.

"ನೋಡಿ, ಅದರಲ್ಲೇನು."

ಗಂಡಸರೆಲ್ಲ ಮಲ್ಲಿಕನ ಅಂಗಡಿಗೆ ಹೋದರು. ಪಾಲಾದ ಮೇಲೆ ಜ್ಞಾನೇಶ ಆ ಕಡೆ ಕಾಲಿಟ್ಟದ್ದು ಅವತ್ತೇ ಮೊದಲು. ಗುರು ಮೆಷಿನ್ ಹಚ್ಚಿದ. ಯಾರೂ ಕೀಬೋರ್ಡು ಮುಟ್ಟಲಿಲ್ಲ, ಯಾರೂ ಏನೂ ಒತ್ತಲಿಲ್ಲ. ಪರದೆ ಬೆಳಗಿದ ಸ್ವಲ್ಪ ಹೊತ್ತಿಗೆ, ಅಣ್ಣನ ಮೆಷಿನ್ ಸಿಗುತ್ತಿಲ್ಲ, ಕಾಪಿ ಮಾಡಲಾಗಲಿಲ್ಲ ಎಂದು ಅದೇ ಹೇಳಿತು. ಗುರು, ಸ್ಟಾರ್ಟ್ ಆಗುವಾಗ ಆ ಮೆಷಿನ್ನು ತಾನಾಗಿ ಮಾಡುವ ಕೆಲಸಗಳನ್ನೆಲ್ಲ ತೆರೆದು ನೋಡಿದ. ನೋಡುತ್ತ ಅವನ ಮುಖ ಸಣ್ಣಗಾಯಿತು.

"ಜ್ಞಾನೇಶ, ಇದನ್ನ ಇಲ್ಲಿ ಬರೆದಿರೋದು ನೀನೇ ಮಾರಾಯ. ನಿನ್ನ ಲಾಗಿನ್ನಿಂದಲೇ ಬರೆದಿದೆ. ಪಾಲಾಗೋದಕ್ಕೆ ಎಷ್ಟೋ ಮುಂಚೆ. ಈ ಮೆಷಿನ್ ಎದ್ದಾಗೆಲ್ಲ ನಿನ್ನ ಮೆಷಿನ್ನಿಗೆ ಹೋಗಿ, ಹೊಸದಾಗಿ ಏನಿದೆಯೋ ಅದರ ಕಾಪಿ ತಂದಿಟ್ಕೋ ಅಂತ. ಅದು ಕಳ್ಳತನ ಮಾಡ್ತಿರಲಿಲ್ಲ. ನೀನು ಹೇಳಿದ ಕೆಲಸ ಮಾಡ್ತಿತ್ತು."

ಜ್ಞಾನೇಶನಿಗೆ ನೆನಪಾಯಿತು. ಅಪ್ಪ ಇದ್ದಾಗ ಒಮ್ಮೆ ವೈರಸ್ಸು ಬಂದು ಅವನ ಕಂಪ್ಯೂಟರಿನಲ್ಲಿದ್ದ ಪತ್ರಿಕೆಗಳೆಲ್ಲ ನಾಶವಾಗಿದ್ದವು. ಲಗ್ನ ಇಟ್ಟುಕೊಂಡವರು ಅಂಗಡಿ ಮುಂದೆ ಬಂದು ಬಾಯಿಗೆ ಬಂದಂತೆ ಬೈದಿದ್ದರು. ಆಮೇಲೇ ಅವನು ಎರಡೂ ಮೆಷಿನ್ನಿಗೆ ವೈರಸ್ಸು ಅಷ್ಟಾಗಿ ತಗುಲದ ಲಿನಕ್ಸ್ ಹಾಕಿದ್ದು. ಇನ್ನೊಮ್ಮೆ ಹೀಗಾದರೆ ತಮ್ಮನ ಹತ್ತಿರವಾದರೂ ಒಂದು ಪ್ರತಿ ಉಳಿಯಲಿ ಎಂದು ಈ ಏರ್ಪಾಡು ಮಾಡಿದ್ದು. ಅವ್ವ ಬೆಳಿಗ್ಗೆ ಎರಡನ್ನೂ ಒಟ್ಟಿಗೇ ಹಚ್ಚುತ್ತಾಳೆ, ಅದೇ ಸರಿಯಾದ ಹೊತ್ತು ಎಂದು ಲೆಕ್ಕ ಹಾಕಿದವನೂ ಅವನೇ. ಆಗ ಮಲ್ಲಿಕ್ ಪಕ್ಕದಲ್ಲಿ ಸ್ಟೂಲು ಹಾಕಿಕೊಂಡು ಕೂತು, ಅಣ್ಣ ಟೈಪು ಮಾಡುವುದನ್ನು ಬೆರಗಿನಿಂದ ನೋಡುತ್ತಿದ್ದ. ಪಾಲಿನ ದಿನ ಫ್ಯಾನಿನವರೆಗೂ ಕಿತ್ತಾಡಿದವರಿಗೆ, ಕಣ್ಣಿಗೆ ಕಾಣದ ಈ ಒಂದನ್ನು ಪಾಲು ಮಾಡಬೇಕೆಂದು ಹೊಳೆದಿರಲಿಲ್ಲ.

"ನಿಂಗೆ ಮರೆತುಹೋಗಿತ್ತಾ ಅಣ್ಣ?" ಎಂದ ಮಲ್ಲಿಕ್. ಧ್ವನಿ ತೀರ ಕೆಳಗಿತ್ತು. "ನಾನು ಬೇರೇನೋ ಅಂದ್ಕೊಂಡಿದ್ದೆ. ಎಲ್ಲರ ಮುಂದೆ ಬೈತಾನೆ, ಆದ್ರೆ ಕಾಪಿ ಬರೋದನ್ನ ಮಾತ್ರ ನಿಲ್ಲಿಸಲಿಲ್ಲ ನಮ್ಮಣ್ಣ, ಒಳಗೊಳಗೇ ಕೊಡ್ತಾನೆ ಅಂದ್ಕೊಂಡಿದ್ದೆ. ಬೇಡ ಅಂದ್ರೆ ನೊಂದ್ಕೊಳ್ತೀಯ ಅಂತ ಉಪಯೋಗಿಸ್ತಿದ್ದೆ. ಅದಕ್ಕೇ ದೊಡ್ಡ ಆರ್ಡರ್ ಯಾವುದು ಬಂದ್ರೂ ಪಕ್ಕದಲ್ಲಿ ನಮ್ಮಣ್ಣ ಇದಾನೆ, ಅಲ್ಲಿ ಹೋಗಿ ಅಂತ ಕಳಿಸ್ತಿದ್ದೆ. ಷಣ್ಮುಖಪ್ಪನವರೂ ಮೊದಲು ಬಂದಿದ್ದು ನನ್ನ ಹತ್ರಾನೇ. ಹಿಂಗಾರದ್ದು ಬರೀ ಅಂಚು ಬಂದಿತ್ತು, ಅದು ಅವರಿಗೆ ಮಾಡಿದ್ದು ಅಂತ ಗೊತ್ತಿದ್ರೆ ಮುಟ್ತಿರಲಿಲ್ಲ."

ಹಜಾರದ ಬಾಗಿಲಲ್ಲಿ ಶಾಂಭವಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ರಶ್ಮಿ ಗಂಡನನ್ನೇ ನೋಡುತ್ತಿದ್ದಳು. ಹಿರಿಯಣ್ಣನವರಿಗೆ ಕಂಪ್ಯೂಟರು ತಿಳಿಯದಿದ್ದರೂ ಮನುಷ್ಯರ ಮುಖ ತಿಳಿಯುತ್ತಿತ್ತು. "ಈಗ ಏನಂತೀಯ ಜ್ಞಾನೇಶ?" ಎಂದರು.

ಆಗ ಒಂದೇ ಒಂದು ಮಾತು ಸಾಕಿತ್ತು. ತಪ್ಪಾಯಿತು ಎನ್ನಬೇಕಾಗಿರಲಿಲ್ಲ, ಮರೆತೆ ಕಣೋ ಎಂದಿದ್ದರೂ ನಡೆಯುತ್ತಿತ್ತು. ಏನೂ ಹೇಳದೆ ತಮ್ಮನ ಹೆಗಲು ಮುಟ್ಟಿದ್ದರೆ ಇನ್ನೂ ಒಳ್ಳೆಯದಿತ್ತು. ಜ್ಞಾನೇಶನ ಎದೆಯಲ್ಲಿ ಆ ಮಾತು ಹುಟ್ಟಿತ್ತು ಕೂಡ. ಆದರೆ ಅಷ್ಟು ಜನರ ಮುಂದೆ, ಗೆಳೆಯನ ಮುಂದೆ, ಕೆಂಪು ಗೆರೆ ಎಳೆದ ಕಾಗದವನ್ನು ಕೈಯಲ್ಲಿ ಹಿಡಿದು ನಿಂತವನಿಗೆ ಸೋಲಲು ಮನಸ್ಸು ಬರಲಿಲ್ಲ. ದರಿದ್ರ ಅಭಿಮಾನ.

"ಏರ್ಪಾಡು ನಂದೇ ಇರಬಹುದು" ಎಂದ. "ಪಾಲಾದ ಮೇಲೆ ಅದು ನಂದು ಅಂತ ಇವನಿಗೆ ಗೊತ್ತಿತ್ತಲ್ಲ? ಗೊತ್ತಿದ್ದೂ ಬಾಯಿ ಮುಚ್ಕೊಂಡು ತಿಂದನಲ್ಲ? ಅದೂ ಕಳ್ಳತನವೇ. ಕಟ್ಟುಪಾಡು ಕಟ್ಟುಪಾಡೇ."

ಗುರು ತಲೆ ತಗ್ಗಿಸಿ ಮೆಷಿನ್ ಆರಿಸಿದ. ವೀರಮ್ಮ ಹಜಾರದಿಂದಲೇ, "ನನ್ನನ್ನೂ ಸೇರಿಸಿ ಹೇಳೋ. ನಾನೂ ಅದರಲ್ಲಿ ಇದ್ದೆ ಅಂದಿದ್ದೆಯಲ್ಲ, ದೊಡ್ಡಪ್ಪನ ಮುಂದೆ ಅದನ್ನೂ ಹೇಳು" ಎಂದಳು. ಮಲ್ಲಿಕ್ ಚಕ್ಕನೆ ತಲೆ ಎತ್ತಿದ. ಅವ್ವನ ಮೇಲೂ ಅನುಮಾನ ಹೋಗಿದೆಯೆಂದು ಅವನಿಗೆ ತಿಳಿದದ್ದು ಆಗಲೇ. ಅವನ ಕಣ್ಣು ಕೆಂಪಾದವು. ಕೂಗಾಡುತ್ತಾನೆ, ಕೊರಳಪಟ್ಟಿಗೆ ಕೈ ಹಾಕುತ್ತಾನೆ ಎಂದೇ ಎಲ್ಲರೂ ಅಂದುಕೊಂಡರು. ಅವನು, "ಸರಿ ಅಣ್ಣ" ಎಂದಷ್ಟೇ ಹೇಳಿ ಒಳಗೆ ಹೋದ.

ಹಿರಿಯಣ್ಣನವರು ಶಲ್ಯ ಕೊಡವಿಕೊಂಡರು. "ಇದಕ್ಕೆ ನಾನು ತೀರ್ಪು ಹೇಳೋನಲ್ಲ. ಯಾರು ಬಿಡಬೇಕು ಅನ್ನೋದನ್ನ ನಿಮ್ಮ ನಿಮ್ಮ ಮನಸ್ಸನ್ನೇ ಕೇಳ್ಕೊಳ್ಳಿ" ಎಂದು ಕಾಫಿಯನ್ನೂ ಕುಡಿಯದೆ ಹೊರಟರು. ಗುರುವನ್ನು ಬಸ್ಸಿಗೆ ಬಿಡಲು ಜ್ಞಾನೇಶ ಹೋಗಬೇಕೆಂದಿದ್ದ. ಗುರು, "ಬೇಡ, ನಾನೇ ಹೋಗ್ತೀನಿ" ಎಂದ.

ಅವತ್ತಿನಿಂದ ಜ್ಞಾನೇಶನಿಗೆ ಮನೆಯಲ್ಲಿ ನಿಂತ ನೆಲ ಸುಡತೊಡಗಿತು. ರಶ್ಮಿ ಊಟ ಬಡಿಸುತ್ತಿದ್ದಳು, ಮಾತು ಬಡಿಸುತ್ತಿರಲಿಲ್ಲ. ಒಂದು ದಿನ ಮಾತ್ರ, "ನಂಗೂ ಶಾಂಭವಿಗೂ ಎಷ್ಟೇ ಇರಲಿ, ನಾನು ಅತ್ತೇನ ಕಳ್ಳಿ ಅಂದಿರಲಿಲ್ಲ" ಎಂದಳು. ವೀರಮ್ಮ ಮೊದಲಿನ ಹಾಗೇ ಎರಡೂ ಬಾಗಿಲು ತೆಗೆಯುತ್ತಿದ್ದಳು, ವಿಭೂತಿ ಹಚ್ಚುತ್ತಿದ್ದಳು. ಆದರೆ ಜ್ಞಾನೇಶ ಬರುವುದು ಕಂಡರೆ ಎದ್ದು ಒಳಗೆ ಹೋಗುತ್ತಿದ್ದಳು. ಷಣ್ಮುಖಪ್ಪನವರಿಗೆ ಅವನು ಬೇರೆ ಪತ್ರಿಕೆ ಮಾಡಿಕೊಟ್ಟ. ಚೆನ್ನಾಗಿದೆ ಎಂದು ಅವರು ಹೊಗಳಿದರೂ ಕಿವಿಗೆ ಹೋಗಲಿಲ್ಲ.

ದಿನಾ ಬೆಳಿಗ್ಗೆ ಫೈರ್‌ವಾಲಿನ ದಾಖಲೆ ತೆರೆದು ನೋಡುವುದು ಅವನಿಗೊಂದು ಚಟವಾಯಿತು. ಮಲ್ಲಿಕನ ಮೆಷಿನ್ ಹಿಂದಿನಂತೆಯೇ ಬಂದು ತಟ್ಟುತ್ತಿತ್ತು. ಅದನ್ನು ನಿಲ್ಲಿಸಬೇಕೆಂದು ಮಲ್ಲಿಕನಿಗೆ ತೋಚಿರಲಿಲ್ಲವೋ, ಅಥವಾ ಬೇಕೆಂದೇ ಬಿಟ್ಟಿದ್ದನೋ. ಜ್ಞಾನೇಶನಿಗೆ ಎರಡನೆಯದೇ ಸರಿ ಅನ್ನಿಸತೊಡಗಿತು. ತಾನು ಕಲಿಸಿಕೊಟ್ಟದ್ದನ್ನು ಆ ಪೆದ್ದು ಮೆಷಿನ್ನು ಇನ್ನೂ ಬಿಟ್ಟಿಲ್ಲ, ಬೈಸಿಕೊಂಡರೂ ಬಾಗಿಲಿಗೆ ಬರುತ್ತಿದೆ ಎಂದು ನೋಡುತ್ತ ಕೂತರೆ ಗಿರಾಕಿ ಬಂದು ನಿಂತದ್ದೂ ಅವನಿಗೆ ತಿಳಿಯುತ್ತಿರಲಿಲ್ಲ. ಬಾಯಿಬಿಟ್ಟು ಹೇಳಲಾಗದ್ದನ್ನು ಹೇಳಲು ಒಂದು ದಾರಿ ಇದೆ ಎಂದು ಅವನಿಗೆ ಹೊಳೆದದ್ದು ಆಗ.

ಒಂದು ಸಂಜೆ ಅವ್ವ ಮೇನ್ ಆರಿಸುವ ಮುಂಚೆ ಕೂತು, ಫೈರ್‌ವಾಲಿನಲ್ಲಿ ಒಂದು ಬಾಗಿಲು ಇಟ್ಟ. ಬೇರೆ ಯಾರಿಗೂ ಇಲ್ಲ, ಮಲ್ಲಿಕನ ಮೆಷಿನ್ನಿಗೆ ಮಾತ್ರ ದಾರಿ. ಪ್ರತಿಸಲ ಸ್ಟಾರ್ಟ್ ಆದಾಗಲೂ ಆ ಬಾಗಿಲು ತೆರೆದೇ ಇರುವ ಹಾಗೆ ಮಾಡಿದ. ಈ ಸಲ ಆರಿಸಿ, ಹಚ್ಚಿ, ಗುರು ತೋರಿಸಿದಂತೆ ಪರೀಕ್ಷೆ ಮಾಡಿದ. ಹೊಸದಾಗಿ ಬಿಡಿಸಿದ ನಾಲ್ಕಾರು ಅಂಚುಗಳನ್ನು, ಯಾರಿಗೂ ತೋರಿಸದೆ ಇಟ್ಟುಕೊಂಡಿದ್ದವನ್ನು, ಅದೇ ಹಳೆಯ ಫೋಲ್ಡರಿಗೆ ಹಾಕಿದ. ಬೆಳಿಗ್ಗೆ ಮಲ್ಲಿಕ್ ನೋಡುತ್ತಾನೆ. ಅರ್ಥ ಮಾಡಿಕೊಳ್ಳುತ್ತಾನೆ. ಬಂದು ಬೈದರೂ ಬೈಯಲಿ, ಬೈಸಿಕೊಳ್ಳೋಣ ಎಂದುಕೊಂಡ. ಎಷ್ಟೋ ದಿನದ ಮೇಲೆ ಅವನಿಗೆ ಊಟ ರುಚಿಸಿತು.

ಮರುದಿನ ಅವ್ವನ ಹಿಂದೆಯೇ ಅಂಗಡಿಗೆ ಬಂದ. ವೀರಮ್ಮ ಈ ಕಡೆ ಸ್ವಿಚ್ಚು ಒತ್ತಿದಳು, ಆ ಕಡೆ ಹೋಗಿ ಅಲ್ಲಿಯೂ ಒತ್ತಿದಳು. ಜ್ಞಾನೇಶ ಪರದೆಯ ಮುಂದೆ ಕೂತು ಕಾದ. ಫೋಲ್ಡರಿಗೆ ಯಾರೂ ಬರಲಿಲ್ಲ. ವೈರು ಸರಿ ಇದೆಯೇ ನೋಡಿದ, ಇತ್ತು. ತಾನೇ ತನ್ನ ಕಡೆಯಿಂದ ಮಲ್ಲಿಕನ ಮೆಷಿನ್ನನ್ನು ಕರೆದು ನೋಡಿದ. ಉತ್ತರವಿಲ್ಲ. ಇನ್ನೊಮ್ಮೆ ಕರೆದ, ಇಲ್ಲ. ಗೋಡೆಯ ಆಚೆ ಅದ್ಯಾವುದೋ ಮೆಷಿನ್ನು ಇದೆ ಎಂಬ ಸುಳಿವೇ ಸಿಗಲಿಲ್ಲ.

ಎದ್ದು ಪಕ್ಕದ ಅಂಗಡಿಗೆ ಹೋದ. ಮಲ್ಲಿಕ್ ಅವತ್ತು ಬೇಗನೆ ಬಂದು, ರಟ್ಟಿನ ಪೆಟ್ಟಿಗೆಗಳಿಗೆ ಸ್ಯಾಂಪಲ್ ಪತ್ರಿಕೆಗಳನ್ನು ತುಂಬುತ್ತಿದ್ದ. ಅಣ್ಣನನ್ನು ನೋಡಿ ಕೈ ಒರೆಸಿಕೊಂಡು, ಗಿರಾಕಿಗೆ ಹಾಕುವ ಕುರ್ಚಿಯನ್ನು ಮುಂದಕ್ಕೆ ಎಳೆದ.

"ಬಾ. ಏನಾಗಬೇಕಿತ್ತು?"

ಜ್ಞಾನೇಶ ಕೂರಲಿಲ್ಲ. "ನಿನ್ನ ಮೆಷಿನ್ ಬರಲೇ ಇಲ್ವಲ್ಲೋ ಇವತ್ತು" ಎಂದ. "ನನ್ನ ಕಡೆ ತೆಗೆದಿಟ್ಟಿದ್ದೆ. ನಿನಗೋಸ್ಕರ."

"ಹೌದಾ? ಗೊತ್ತಾಗಲಿಲ್ಲ. ನಿನ್ನೆ ಮಧ್ಯಾಹ್ನ ನೀನು ಊಟಕ್ಕೆ ಹೋಗಿದ್ದಾಗ ಶಿವಮೊಗ್ಗದಿಂದ ಗುರೂನ ಕರೆಸಿದ್ದೆ. ನೀನು ಬರೆದಿದ್ದ ಕಾಪಿ ಮಾಡೋದನ್ನ ತೆಗೆಸಿದೆ. ನಂದಕ್ಕೂ ಫೈರ್‌ವಾಲ್ ಹಾಕಿಸಿದೆ. ಮೆಷಿನ್ ಜೊತೇಲೇ ಏಳುತ್ತೆ, ಮರೆಯೋ ಹಂಗಿಲ್ಲ. ಇನ್ನು ನಿನ್ನದು ಯಾವುದೂ ಈ ಕಡೆ ಬರಲ್ಲ, ಹೆದರ್ಕೋಬೇಡ."

"ಮಲ್ಲಿಕ್, ನಾನು ಅವತ್ತು..."

"ದೊಡ್ಡಪ್ಪನಿಗೂ ಹೇಳಿದೀನಿ. ನ್ಯೂ ಟೌನಲ್ಲಿ ಒಂದು ಮಳಿಗೆ ನೋಡಿದೀನಿ, ತಿಂಗಳ ಕೊನೆಗೆ ಹೋಗ್ತೀನಿ. ಅವ್ವ ನಮ್ಮ ಜೊತೆ ಬರ್ತಾಳೆ. ಅವಳೇ ಬರ್ತೀನಿ ಅಂದಿದ್ದು, ನಾನು ಕರೀಲಿಲ್ಲ. ಇದನ್ನೂ ಕದ್ದೆ ಅನ್ಬೇಡ."

ಮಲ್ಲಿಕ್ ಮತ್ತೆ ಪೆಟ್ಟಿಗೆಯ ಕಡೆ ತಿರುಗಿದ. ಜ್ಞಾನೇಶ ಹೇಳಬೇಕಾದ ಮಾತು ಈಗ ಬಾಯಿಗೇ ಬಂದಿತ್ತು. ಆದರೆ ಕೇಳಿಸಿಕೊಳ್ಳುವವನು ಅಂಟುಪಟ್ಟಿಯನ್ನು ಕರಕರ ಎಳೆದು ಪೆಟ್ಟಿಗೆ ಮುಚ್ಚುತ್ತಿದ್ದ.

ತನ್ನ ಅಂಗಡಿಗೆ ವಾಪಸು ಬಂದು ಕೂತ. ತಮ್ಮನಿಗೆಂದು ತೆರೆದ ದಾರಿಯನ್ನು ಮುಚ್ಚಲಿಲ್ಲ. ಅದರಲ್ಲಿ ಬರುವವರು ಇನ್ನು ಯಾರೂ ಇರಲಿಲ್ಲ.